ಕೊರಗಿ ಕೊರಗಿ ಬರೋ ಕಾಯಿಲೆಯಾ ಇದು?

ಪತ್ರ: ತಂಗಿಯ ಗಂಡ ತೀರಿಕೊಂಡು ಎರಡು ವರ್ಷ. ಈಗ ಅವಳಿಗೆ ಸ್ತನದ ಕ್ಯಾನ್ಸರ್. ಕೊರಗಿ ಕೊರಗಿ ತಂದುಕೊಂಡಳು ಅಂತಾರೆ ನೆಂಟರು. ನಾನೇ ಸರಿಯಾಗಿ ಸಮಾಧಾನ ಮಾಡಲಿಲ್ಲವೇನೋ. ನಿಜವೇ ಸರ್?
– ಓದುಗರು, ಮುಳಬಾಗಿಲು

ಉತ್ತರ: ಅಕ್ಕಾ, ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲು ಆ ‘ತಂದುಕೊಂಡಳು’ ಅನ್ನೋ ಮಾತು ಬಿಡಿ. ನೀವೂ ಅದನ್ನೇ ಬರೆದಿದ್ದು ನೋಡಿ ಬೇಜಾರಾಯಿತು.

ನೆಂಟರ ಮಾತಿಗೆ ಆಧಾರವೇ ಇಲ್ಲ ಅನ್ನೋದಿಲ್ಲ. ಫಿನ್ಲೆಂಡಿನಲ್ಲಿ 10,808 ಹೆಂಗಸರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಡನನ್ನು ಕಳೆದುಕೊಂಡವರಲ್ಲಿ, ವಿಚ್ಛೇದನ ಆದವರಲ್ಲಿ ಸ್ತನದ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಆದರೆ ಡೆನ್ಮಾರ್ಕಿನವರು ಮಗುವಿಗೆ ಕ್ಯಾನ್ಸರ್ ಬಂದ 11,000ಕ್ಕೂ ಹೆಚ್ಚು ಅಪ್ಪ ಅಮ್ಮಂದಿರನ್ನು ವರ್ಷಗಟ್ಟಲೆ ಗಮನಿಸಿದರು. ಅದಕ್ಕಿಂತ ದೊಡ್ಡ ಸಂಕಟ ಇದೆಯಾ? ಅವರಲ್ಲಿ ಕ್ಯಾನ್ಸರ್ ಹೆಚ್ಚಿರಲಿಲ್ಲ. ಯುರೋಪಿನ 1,16,000 ಜನರ ಕೆಲಸದ ಒತ್ತಡ ನೋಡಿದ 2013ರ ಅಧ್ಯಯನಕ್ಕೂ ನಂಟು ಸಿಗಲಿಲ್ಲ. ಗಡ್ಡೆ ಕೈಗೆ ಸಿಗುವಷ್ಟು ಬೆಳೆಯೋಕೆ ಎಷ್ಟೋ ವರ್ಷ ಬೇಕು. ತಂಗಿಯ ಯಜಮಾನರು ಇದ್ದಾಗಲೇ ಅದು ಶುರುವಾಗಿರಬಹುದು, ಅಲ್ವಾ?

ನಮ್ಮ ದೊಡ್ಡಮ್ಮನ ಬೋರ್‌ವೆಲ್ ಬತ್ತಿತು, ಜಮೀನು ಹೋಯಿತು. ಆಮೇಲೆ ಬಾಯಿ ಕ್ಯಾನ್ಸರ್. ಜಮೀನಿನ ಚಿಂತೆಗೆ ಬಂತು ಅಂದಿತು ಊರು. ಎಲೆ ಅಡಿಕೆ, ಕಡ್ಡಿಪುಡಿಯನ್ನು ಎಡಗೆನ್ನೆಯೊಳಗೆ ಒತ್ತರಿಸಿಕೊಂಡೇ ಮಲಗುತ್ತಿದ್ದಳು, ಬೆಳಗ್ಗೆ ಉಗಿಯುತ್ತಿದ್ದಳು. ಬಿಳಿ ಮಚ್ಚೆ ಬಿದ್ದಿದ್ದು ಅದೇ ಕಡೆ. ಜಮೀನು ಹೋದ ಮೇಲೆ ಪುಡಿ ಜಾಸ್ತಿಯಾಯಿತು, ನಿಜ. ಚಿಂತೆಯ ಪಾಲು ಅಷ್ಟೇ. ಖಾರ ಉರಿಯುತ್ತೆ ಅಂತ ಸಾರು ಬಿಟ್ಟು ಮುದ್ದೆಯನ್ನು ಮಜ್ಜಿಗೆಯಲ್ಲಿ ನುಂಗುತ್ತಿದ್ದಳು. ಡಾಕ್ಟರೊಬ್ಬರು ಬಾಯಿ ತೆರೆಸಿ ನೋಡದೆ, ಟೆನ್ಷನ್ ಮಾಡ್ಕೋಬೇಡಮ್ಮ ಅಂತ ಬಿ ಕಾಂಪ್ಲೆಕ್ಸ್ ಬರೆದು ಕಳಿಸಿದರು. ಆ ಚೀಟಿ ನೆನಪಾದರೆ ಇವತ್ತೂ ಹೊಟ್ಟೆ ಉರಿಯುತ್ತೆ.

ಕೋಲಾರದ ಕಡೆ ಕಡ್ಡಿಪುಡಿ ಹಾಕೋ ಹೆಂಗಸರು ಎಷ್ಟು ಮಂದಿ! ಪೆಟ್ಟಿಗೆ ಅಂಗಡಿಯಲ್ಲಿ ಮಕ್ಕಳ ಪೆಪ್ಪರ್‌ಮೆಂಟ್ ಪಕ್ಕದಲ್ಲೇ ಅದೂ ಇರುತ್ತೆ. ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. 30 ದಾಟಿದವರಿಗೆ ಬಾಯಿ, ಎದೆ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಹೋಗೋರು ಎಷ್ಟು ಜನ? ಕಳಿಸೋರು ಎಷ್ಟು ಜನ? ಗಂಡಸಿಗೆ ಬಂದರೆ ಹಣೆಬರಹ, ಹೆಂಗಸಿಗೆ ಬಂದರೆ ಅವಳ ಮನಸ್ಸು ಗಟ್ಟಿ ಇರಲಿಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಿಮ್ಮ ತಂಗಿ ಅಳಲಿ. ಗಂಡ ಹೋದವಳು ಅಳದೆ ಏನು ಮಾಡ್ತಾಳೆ? ಸುಮ್ನೆ ಪಕ್ಕದಲ್ಲಿ ಕೂತಿರಿ. ಇನ್ನೊಂದು ವಿಷಯ. ತಂಗಿಗೆ ಈ ಕಾಯಿಲೆ ಇದ್ದರೆ ಅಕ್ಕನಿಗೂ ಅಪಾಯ ಜಾಸ್ತಿ. ಮುಂದಿನ ಸಲ ಅವಳ ಜೊತೆ ಆಸ್ಪತ್ರೆಗೆ ಹೋದಾಗ ನೀವೂ ತೋರಿಸಿಕೊಂಡು ಬನ್ನಿ.