ಪ್ರತಿಕ್ರಿಯೆ: ಲೆಕ್ಕದಲ್ಲಿ ತೂತು, ಪ್ರಯೋಗದಲ್ಲಿ ಬರೀ ತಗ್ಗು

ಶಿವಮೊಗ್ಗದ ಕಾಲೇಜು ಪ್ರಾಜೆಕ್ಟ್ ಎಂದಿದ್ದೀರಿ: 2024-ಟಿ351 (ವಿಮಾನಕ್ಕೆ ಬಳಸುವ ಗಟ್ಟಿ ಮಿಶ್ರಲೋಹ) ಅಲ್ಯುಮಿನಿಯಂ ತಗಡಿಗೆ 50 ಗ್ರಾಂ ಬ್ಲೇಡ್ ಚೂರು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಬಡಿದರೆ ಸಿಮ್ಯುಲೇಶನ್‌ನಲ್ಲಿ ತೂತು, ಪ್ರಯೋಗದಲ್ಲಿ ತಗ್ಗು ಮಾತ್ರ, ಯಾಕೆ ಹೀಗೆ ಎಂದು.

ಮೊದಲ ಅನುಮಾನ ಚೂರು ಬಡಿದ ಭಂಗಿಯ ಮೇಲೆ. ಶಕ್ತಿ ಎರಡರಲ್ಲೂ 1000 ಜೌಲ್ ಇರಬಹುದು. ಆದರೆ ಅಡಿಕೆಗೆ ಕತ್ತಿಯ ಬಾಯಿ ತಾಗುವುದಕ್ಕೂ ಬೆನ್ನು ತಾಗುವುದಕ್ಕೂ ವ್ಯತ್ಯಾಸ ಇಲ್ಲವೇ? ಹೈಸ್ಪೀಡ್ ವಿಡಿಯೋದಲ್ಲಿ ಬಡಿಯುವ ಕ್ಷಣದ ಓರೆ ಅಳೆದು, ಅದೇ ಕೋನವನ್ನು ಮಾಡೆಲ್‌ಗೆ ಕೊಡಿ.

ಆಮೇಲೆ ಮೆಶ್, ಅಂದರೆ ಲೆಕ್ಕಕ್ಕಾಗಿ ತಗಡನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದ ಜಾಲ. ಎಲಿಮೆಂಟ್ ಸಣ್ಣದಾದಷ್ಟೂ ಸ್ಟ್ರೇನ್ (ಎಳೆತದ ಪ್ರಮಾಣ) ಒಂದೇ ಕಡೆ ಸೇರಿಕೊಂಡು, ಆ ಎಲಿಮೆಂಟ್ ಮಾಡೆಲ್‌ನಿಂದ ಬೇಗ ಅಳಿಸಿಹೋಗುತ್ತದೆ. ದಪ್ಪಕ್ಕೆ 6 ಎಲಿಮೆಂಟ್ ಇಟ್ಟು ಓಡಿಸಿ, 12 ಇಟ್ಟು ಮತ್ತೆ ಓಡಿಸಿ, ಚೂರು ತಗಡು ತೂರಿ ಹೊರಬೀಳುವ ವೇಗ ಹೋಲಿಸಿ. ಫೇಲ್ಯೂರ್ ಸ್ಟ್ರೇನ್ (ಲೋಹ ಹರಿಯುವ ಎಳೆತದ ಮಿತಿ) ತಿದ್ದಿ ಉತ್ತರ ಹೊಂದಿಸಬೇಡಿ, ಅದು ಮೋಸ.

ಈ ಲೋಹಕ್ಕೆ ಜಾನ್ಸನ್-ಕುಕ್ (ಎಳೆತ, ವೇಗ, ಬಿಸಿಗೆ ತಕ್ಕಂತೆ ಲೋಹದ ಬಲ ಹೇಳುವ ಸೂತ್ರ) ಬಲದ ಅಂಕಿಗಳು: ಎ 369, ಬಿ 684 ಮೆಗಾಪಾಸ್ಕಲ್, ಎನ್ 0.73, ಸಿ 0.0083, ಎಂ 1.7. ಡ್ಯಾಮೇಜ್ ಅಂಕಿಗಳನ್ನು (ಲೋಹ ಯಾವಾಗ ಹರಿಯುತ್ತದೆ ಎನ್ನುವವು) ಬೇರೆ ಮೂಲದಿಂದ ತಂದು ಇದಕ್ಕೆ ಬೆರೆಸಿದರೆ ಕೆಡುತ್ತದೆ. ಅವರ್‌ಗ್ಲಾಸ್ ಶಕ್ತಿ (ಎಲಿಮೆಂಟ್ ಸುಳ್ಳಾಗಿ ಅಂಕುಡೊಂಕಾಗುವುದನ್ನು ತಡೆಯಲು ಲೆಕ್ಕದಲ್ಲಿ ಖರ್ಚಾಗುವ ಶಕ್ತಿ) ಒಳಶಕ್ತಿಯ (ಲೋಹ ಬಗ್ಗುತ್ತಾ ಹೀರಿದ ಶಕ್ತಿ) ಶೇ. 10 ದಾಟಿದ್ದರೆ ಆ ರನ್ ಬಿಸಾಡಿ.

ಅಂಚಿನ ಬೋಲ್ಟ್ ಜಾರಿದ ಗುರುತು ತಗಡಿನ ಮೇಲೆ ಇದೆಯಾ? ಇದ್ದರೆ ಮಾಡೆಲ್‌ನಲ್ಲಿ ಅಂಚು ಪೂರ್ತಿ ಬಿಗಿದಿದೆ ಎಂದು ಕೊಡುವುದು ತಪ್ಪು.