ಮುಟ್ಟಲು ಬಿಡಿ, ಹೆಸರು ಬರೆಯಿರಿ

ಪತ್ರ: ಕೆನಡಾದಲ್ಲಿರುವ ನಮ್ಮೂರ ಗ್ರಂಥಾಲಯದಲ್ಲಿ ಇನುಯಿಟ್ (ಉತ್ತರ ಧ್ರುವ ಪ್ರದೇಶದ ಮೂಲನಿವಾಸಿ) ಕಲಾವಿದರ ಈಚಿನ ಕಲ್ಲಿನ ಕೆತ್ತನೆಗಳನ್ನು ಒಂದು ತಿಂಗಳು ಪ್ರದರ್ಶನಕ್ಕಿಡುತ್ತಿದ್ದೇವೆ. ಸಂಗ್ರಾಹಕರೊಬ್ಬರು ಕೊಡಲು ಒಪ್ಪಿದ್ದಾರೆ. ಮಕ್ಕಳಿಗೂ ಕಣ್ಣು ಕಾಣದವರಿಗೂ ಮುಟ್ಟಲು ಬಿಡಬಹುದೇ? ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಪ್ರತಿಗಳನ್ನು ಮಾರಿದರೆ ಕಲೆ ಹೆಚ್ಚು ಜನಕ್ಕೆ ತಲುಪುತ್ತದಲ್ಲವೇ?
– ಓದುಗರೊಬ್ಬರು

ಸಂಪಾದಕರ ಉತ್ತರ: ಸಂಗ್ರಾಹಕರು ಒಪ್ಪಿದರಷ್ಟೇ ಸಾಲದು. 1988ರ ಜೂನ್ 7ರ ನಂತರ ರಚಿಸಿದ ಕಲಾಕೃತಿಯನ್ನು ಮಾರಾಟಕ್ಕಲ್ಲದೆ ಸಾರ್ವಜನಿಕರ ಮುಂದಿಡುವ ಹಕ್ಕು ಕೆನಡಾದ ಕಾಪಿರೈಟ್ ಕಾನೂನಿನಲ್ಲಿ ಕೃತಿಸ್ವಾಮ್ಯ ಇರುವವರದು; ಸಾಮಾನ್ಯವಾಗಿ ಅದು ಕಲಾವಿದರೇ. ಅವರಿಂದ ಬರಹದಲ್ಲಿ ಅನುಮತಿ ಪಡೆಯಿರಿ, ಪ್ರದರ್ಶನ ಶುಲ್ಕವನ್ನು ಬಜೆಟ್ಟಿನಲ್ಲೇ ಸೇರಿಸಿ. ಮುಟ್ಟುವ ವಿಷಯವನ್ನೂ ಆಗಲೇ ಕೇಳಿಬಿಡಿ.

ಮುಟ್ಟಬಹುದೇ ಎಂಬುದನ್ನು ಕಲ್ಲೇ ನಿರ್ಧರಿಸುತ್ತದೆ. ಬಳಪದ ಕಲ್ಲು ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಉತ್ತರ ಕೆನಡಾದ ಬ್ಯಾಫಿನ್ ದ್ವೀಪದ ಕಿಂಗೈಟ್ ಎಂಬ ಊರಿನ ಕಡೆಯವರು ಕೆತ್ತುವ ಸರ್ಪೆಂಟೈನ್ ಎಂಬ ಹಸಿರು ಕಲ್ಲು ಅದಕ್ಕಿಂತ ಗಟ್ಟಿ. ನುಣ್ಣಗೆ ಪಾಲಿಶ್ ಆಗಿದ್ದರೆ ಕೈಗಳನ್ನು ತಾಳಿಕೊಳ್ಳುತ್ತದೆ. ಉಂಗುರ, ಗಡಿಯಾರ ತೆಗೆಸಿ, ಕೈ ತೊಳೆಸಿ, ಒರೆಸಿ. ಆದರೆ ಕಪ್ಪು ಕಲ್ಲಿನ ಮೇಲೆ ಹಕ್ಕಿಯ ಗರಿಯನ್ನು ಸಣ್ಣ ಗೀರುಗಳಲ್ಲಿ ಬಿಡಿಸಿದ್ದರೆ ಆ ಕೃತಿಯನ್ನು ಗಾಜಿನೊಳಗಿಡಿ. ಪಾಲಿಶ್ ಇಲ್ಲದ ಕಾರಣ ಗೀರು ಬೆಳ್ಳಗೆ ಕಾಣುತ್ತದೆ. ಕೈಜಿಡ್ಡು ಕೂತರೆ ಅದೂ ಕಪ್ಪಾಗಿ ಗರಿಯೇ ಅಳಿಸಿಹೋಗುತ್ತದೆ. ತಿಮಿಂಗಿಲದ ಮೂಳೆ, ಕ್ಯಾರಿಬೂ (ಹಿಮಸಾರಂಗ) ಕೊಂಬು ಜಿಡ್ಡು ಹೀರುತ್ತವೆ, ಅವೂ ಒಳಗಿರಲಿ. ಬೇಟೆಗಾರನ ಕೈಗೆ ಸಿಕ್ಕಿಸಿದ ಈಟಿ ಬಿಡಿಭಾಗವಾಗಿದ್ದರೆ ಫೋಟೊ ತೆಗೆದು ಬೇರೆ ಎತ್ತಿಡಿ.

ಇನುಯಿಟ್ ಕೆತ್ತನೆಗಾರ ಪೌಟಾ ಸೈಲಾ ಹೆಸರುವಾಸಿಯಾದದ್ದು ಕುಣಿಯುವ ಹಿಮಕರಡಿಗಳಿಂದ. ಅಂಥ ಒಂಟಿಕಾಲಿನ ಕೃತಿಯಲ್ಲಿ ಇಡೀ ಭಾರ ಒಂದು ಪಾದದ ಮೇಲಿರುತ್ತದೆ, ಜನ ಹಿಡಿಯುವುದು ಮಾತ್ರ ಎತ್ತಿದ ಕಾಲನ್ನೇ. ಸ್ವಲ್ಪ ಎಳೆದರೂ ಉರುಳೀತು. ಮುಟ್ಟಲು ಅಗಲ ತಳದವನ್ನೇ ಆರಿಸಿ.

ಇದರ ಜೊತೆಗೆ ಕಲಾವಿದರಿಂದಲೇ ಒಂದು ಮಾದರಿ ತಟ್ಟೆ ಮಾಡಿಸಿಕೊಳ್ಳಿ, ದುಡ್ಡು ಕೊಟ್ಟು. ಒಂದೇ ಕಲ್ಲಿನ ಐದು ತುಂಡು: ಒರಟು, ಉಳಿ ಹೊಡೆದದ್ದು, ಅರ ಉಜ್ಜಿದ್ದು, ಉಪ್ಪುಕಾಗದ ತೀಡಿದ್ದು, ಮೇಣ ಹಚ್ಚಿದ್ದು. ಕಣ್ಣು ಕಾಣದವರಿಗೆ ಇದರಷ್ಟು ಉಪಯೋಗ ಉದ್ದನೆಯ ವಿವರಣೆಯಿಂದ ಆಗದು. ಮಕ್ಕಳಿಗೆ ಅಲ್ಲೇ ಅರ ಉಜ್ಜಲು ಮಾತ್ರ ಕೊಡಬೇಡಿ. ಕೆಲವು ಸರ್ಪೆಂಟೈನ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಮೇಜಿನ ಎತ್ತರ 75 ಸೆಂ.ಮೀ. ಆಸುಪಾಸು, ಕೆಳಗೆ ಗಾಲಿಕುರ್ಚಿ ನುಗ್ಗುವಷ್ಟು ಜಾಗ. ಬೆಳಕು ಪಕ್ಕದಿಂದ ಬರಲಿ, ಎದುರಿನಿಂದ ಬಿಟ್ಟರೆ ಕಲ್ಲು ಬರೀ ಹೊಳೆಯುತ್ತದೆ. ಚೀಟಿಯಲ್ಲಿ ಮೊದಲ ಸಾಲೇ ಕಲಾವಿದರ ಹೆಸರು, ಅವರು ಬಳಸುವ ಲಿಪಿಯಲ್ಲೂ. ಆಮೇಲೆ ಊರು, ವರ್ಷ, ಕಲ್ಲು. ‘ಇನುಯಿಟ್ ಕೆತ್ತನೆ’ ಎಂದಷ್ಟೇ ಬರೆಯುವುದು ಮಾಡಿದವರಿಗೆ ಅನ್ಯಾಯ.

ರೆಸಿನ್ ಪ್ರತಿ ಖಂಡಿತ ಬೇಡ. ಅನುಮತಿಯಿಲ್ಲದೆ ಅಚ್ಚು ತೆಗೆಯುವುದು ಕಾನೂನಿಗೆ ವಿರುದ್ಧ, ಮೇಲಾಗಿ ಕೆತ್ತಿ ಬದುಕುವವರ ಗಿರಾಕಿಯನ್ನೇ ಅದು ಕಸಿಯುತ್ತದೆ. ಇಂಥ ನಕಲಿಗಳ ಕಾಟಕ್ಕೇ ಕೆನಡಾ ಸರ್ಕಾರ 1958ರಲ್ಲಿ ಇಗ್ಲೂ ಟ್ಯಾಗ್ ತಂದದ್ದು; ಕೃತಿ ಇನುಯಿಟ್ ಕಲಾವಿದರದ್ದೇ ಎಂದು ಖಾತ್ರಿ ಕೊಡುವ ಗುರುತುಚೀಟಿ ಅದು. 2017ರಿಂದ ಅದು ಇನುಯಿಟ್ ಆರ್ಟ್ ಫೌಂಡೇಶನ್ ಕೈಯಲ್ಲಿದೆ. ಆ ಟ್ಯಾಗ್ ಇರುವ ಅಂಗೈಯಗಲದ ಮೂಲ ಕೆತ್ತನೆಗಳನ್ನೇ ತರಿಸಿ ಮಾರಿ. ವಾಲ್ರಸ್ ದಂತ, ತಿಮಿಂಗಿಲದ ಮೂಳೆ ಸೇರಿದ್ದರೆ ಅಮೆರಿಕದೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ ಎಂದು ಕೊಳ್ಳುವವರಿಗೆ ಮುಂಚೆಯೇ ತಿಳಿಸಿ.