ಬೇಡ ಅಂದರೂ ಬಿಡದೆ ಮನೆಗೆ ಬರುವ ಮಾರಾಟಗಾರರನ್ನು ಸಾಗಹಾಕುವುದು ಹೇಗೆ?
ನಮ್ಮದು ಶಿರಸಿ ಹತ್ತಿರದ ಹಳ್ಳಿ. ಜಗಲಿಗೆ ಬಂದವರಿಗೆ ‘ಆಸರಿಗೆ ಬೇಕಾ’, ಅಂದರೆ ಕುಡಿಯಲು ಏನಾದರೂ ಬೇಕಾ ಅಂತ ಕೇಳುವುದು ರೂಢಿ. ಕಷ್ಟ ಶುರುವಾಗುವುದೇ ಅಲ್ಲಿ. ಬೆಲ್ಲ ನೀರು ಕುಡಿದವರು ಮಿಕ್ಸಿ ಮಾರದೆ ಏಳುವುದಿಲ್ಲ! ಹಾಗಾಗಿ ಈಗ ದಣಪೆ (ಅಂಗಳದ ಗೇಟು) ಹತ್ತಿರವೇ ‘ಬೇಡ’ ಅಂದುಬಿಡುತ್ತೇನೆ.

ಕಾರಣ ಮಾತ್ರ ಹೇಳಬೇಡಿ. ‘ದುಡ್ಡಿಲ್ಲ’ ಅಂದರೆ ಕಂತು ಇದೆ ಅನ್ನುತ್ತಾರೆ. ‘ಯಜಮಾನರಿಲ್ಲ’ ಅಂದರೆ ಸಂಜೆ ಮತ್ತೆ ಹಾಜರು.

2021ರ ನೇರ ಮಾರಾಟ ನಿಯಮಗಳ ಪ್ರಕಾರ, ಅಂಗಡಿ ಬಿಟ್ಟು ಏಜೆಂಟರ ಮೂಲಕವೇ ಮಾರುವ ಕಂಪನಿಗಳ ಏಜೆಂಟರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರುವ ಹಾಗಿಲ್ಲ. ಚೀಟಿ ಕೇಳಿ, ಎಷ್ಟೋ ಜನ ಅಲ್ಲಿಂದಲೇ ವಾಪಸ್ ಹೋಗುತ್ತಾರೆ.

ಗ್ಯಾಸ್ ಪೈಪ್ ತಪಾಸಣೆ ಅಂತ ಬಂದರೆ ಮೊದಲು ನಿಮ್ಮ ಏಜೆನ್ಸಿಗೆ ಫೋನ್ ಮಾಡಿ. ಚಿನ್ನಕ್ಕೆ ಪಾಲಿಶ್ ಅನ್ನುವವರಿಗೆ ಬಳೆ ಬಿಚ್ಚಿ ಕೊಡಲೇಬೇಡಿ. ಜಗ್ಗದೆ ಕೂತರೆ ತುರ್ತು ಸಹಾಯವಾಣಿ 112ಕ್ಕೆ ಫೋನ್ ಮಾಡಿ.